ರೀಫ್ ಟ್ಯಾಂಕ್‌ಗೆ ಕಂಟ್ರೋಲರ್ ಕೊಳ್ಳಬೇಕೇ? ಹಾಸನ–ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ರೀಫ್ ಟ್ಯಾಂಕ್ ಅಂದರೆ ಹವಳ ಮತ್ತು ಕಡಲ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ. ಕೆಳಗಿನ ಲೆಕ್ಕಗಳೆಲ್ಲ ಸಂಪ್ ಸೇರಿ 200 ಲೀಟರ್ ಉಪ್ಪುನೀರಿರುವ ಟ್ಯಾಂಕ್‌ನದು. ನಿಮ್ಮ ಅಳತೆಗೆ ತಕ್ಕಂತೆ ಹೊಂದಿಸಿಕೊಳ್ಳಿ. ಇಲ್ಲಿ ಸಂಪ್ ಅಂದರೆ ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ, ಮನೆ ಮುಂದೆ ನೆಲದೊಳಗಿರುವ ನೀರಿನ ಸಂಪು ಅಲ್ಲ.

ಕಂಟ್ರೋಲರ್ ನಿಜಕ್ಕೂ ಏನು ಮಾಡುತ್ತದೆ?

ತೋಟದ ಪಂಪ್‌ಸೆಟ್‌ಗೆ ಹಾಕುವ ಮೊಬೈಲ್ ಸ್ಟಾರ್ಟರ್ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಜಾತಿ. ಬಾವಿಯಲ್ಲಿ ನೀರಿಲ್ಲದಿದ್ದರೆ ಮೋಟರ್ ಆಫ್, ಕರೆಂಟ್ ಬಂದರೆ ಫೋನಿಗೆ ಸುದ್ದಿ. ರೀಫ್ ಕಂಟ್ರೋಲರ್‌ನಲ್ಲಿ ಸೆನ್ಸರ್‌ಗಳು ಹೆಚ್ಚು (ಉಷ್ಣತೆ, ಪಿಎಚ್, ಉಪ್ಪಿನಂಶ, ನೀರಿನ ಮಟ್ಟ, ನೆಲದ ಮೇಲಿನ ಸೋರಿಕೆ), ಸ್ವಿಚ್‌ಗಳೂ ಹೆಚ್ಚು. ನಡುವೆ ಕೂತ ಪುಟ್ಟ ಕಂಪ್ಯೂಟರ್ ನೀವು ಬರೆದ ನಿಯಮದಂತೆ ಪ್ಲಗ್‌ಗಳನ್ನು ಆನ್–ಆಫ್ ಮಾಡುತ್ತದೆ, ಅಂಕಿಗಳನ್ನು ಗ್ರಾಫ್ ಮಾಡಿ ಇಡುತ್ತದೆ, ಎಡವಟ್ಟಾದರೆ ಫೋನಿಗೆ ತಿಳಿಸುತ್ತದೆ.

ಅದು ಮಾಡದಿರುವುದನ್ನು ತಿಳಿದುಕೊಳ್ಳುವುದು ಇನ್ನೂ ಮುಖ್ಯ. ಸಾಮಾನ್ಯ ಕಂಟ್ರೋಲರ್ ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟ್, ಫಾಸ್ಫೇಟ್ ಯಾವುದನ್ನೂ ಅಳೆಯುವುದಿಲ್ಲ. ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಅಳೆಯಲು ನೆಪ್ಚೂನ್‌ನ ಟ್ರೈಡೆಂಟ್, ಜಿಎಚ್‌ಎಲ್‌ನ ಕೆಎಚ್ ಡೈರೆಕ್ಟರ್ ಥರದ ಪ್ರತ್ಯೇಕ ಯಂತ್ರ ಬೇಕು. ಅವು ರಾಸಾಯನಿಕ ದ್ರಾವಣ ಕುಡಿದೇ ಕೆಲಸ ಮಾಡುವವು. ಆ ಬಾಟಲಿ ಖಾಲಿಯಾದ ದಿನ ಯಂತ್ರವೂ ಸುಮ್ಮನೆ ಕೂರುತ್ತದೆ. ಹಾಗಾಗಿ ಕಂಟ್ರೋಲರ್ ಇದ್ದರೂ ಟೆಸ್ಟ್ ಕಿಟ್ ತಪ್ಪುವುದಿಲ್ಲ.

ಹಾಗಾದರೆ ನನಗೆ ಬೇಕೇ, ಬೇಡವೇ?

ಒಂದು ಹಾಳೆ ತೆಗೆದುಕೊಂಡು "ಮುಂದಿನ 12 ಗಂಟೆಯಲ್ಲಿ ನನ್ನ ಟ್ಯಾಂಕ್ ಏನಾದರೆ ಸಾಯುತ್ತದೆ?" ಎಂದು ಬರೆಯಿರಿ. ನಮ್ಮ ಎರಡು ಜಿಲ್ಲೆಗಳಲ್ಲಿ ಉತ್ತರ ಬಹುಪಾಲು ಹೀಗಿರುತ್ತದೆ: ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಹೀಟರ್ ಆನ್ ಆಗಿಯೇ ಅಂಟಿಕೊಂಡು ನೀರು ಕಾಯುವುದು, ಸಿಹಿನೀರು ತುಂಬಿಸುವ ಪಂಪ್ ನಿಲ್ಲದೆ ಓಡುವುದು. ಈ ಪಟ್ಟಿಯಲ್ಲಿ ಪಿಎಚ್ ಇಲ್ಲ, ಲೈಟಿನ ಬಣ್ಣ ಇಲ್ಲ, ಫೋನಿನ ಗ್ರಾಫೂ ಇಲ್ಲ. ದುಡ್ಡು ಹೋಗಬೇಕಾದ್ದು ಈ ಮೂರಕ್ಕೆ, ಮತ್ತು ಮೂರಕ್ಕೂ ಕಂಟ್ರೋಲರ್ ಇಲ್ಲದೆಯೇ ಅಗ್ಗದ ಪರಿಹಾರ ಇದೆ.

ಆದ್ದರಿಂದ ಕೊಳ್ಳುವ ಕ್ರಮ ಇದು: ಮೊದಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್. ಆಮೇಲೆ ಇನ್ವರ್ಟರ್. ಆಮೇಲೆ ಎರಡು ಹೀಟರ್ ಮತ್ತು ಹೊರಗಿನ ಒಂದು ಥರ್ಮೋಸ್ಟಾಟ್, ಅಂದರೆ ಉಷ್ಣತೆ ನೋಡಿ ಹೀಟರನ್ನು ಆನ್–ಆಫ್ ಮಾಡುವ ಸಾಧನ. ಆಮೇಲೆ ಎರಡು ಸೆನ್ಸರ್ ಇರುವ ಆಟೋ ಟಾಪ್ ಆಫ್, ಅಂದರೆ ಆವಿಯಾದ ನೀರನ್ನು ತಾನೇ ತುಂಬಿಸುವ ಸಾಧನ. ಇವೆಲ್ಲ ಆದ ಮೇಲೂ ಕಿಸೆಯಲ್ಲಿ ಉಳಿದಿದ್ದರೆ ಕಂಟ್ರೋಲರ್. ಇನ್ವರ್ಟರ್ ಇಲ್ಲದ ಮನೆಯಲ್ಲಿ ಲಕ್ಷದ ಕಂಟ್ರೋಲರ್ ಇಟ್ಟರೆ ಕರೆಂಟ್ ಹೋದಾಗ ಅದೂ ಟ್ಯಾಂಕ್ ಜೊತೆ ಮಲಗುತ್ತದೆ.

ಯಾರಿಗೆ ಖಂಡಿತ ಬೇಕು?

ವಾರದಲ್ಲಿ ಎರಡು–ಮೂರು ರಾತ್ರಿ ಮನೆಯಲ್ಲಿಲ್ಲದವರಿಗೆ. ಟ್ಯಾಂಕ್ ಹಾಸನದಲ್ಲಿ, ಕೆಲಸ ಬೆಂಗಳೂರಿನಲ್ಲಿ ಇದ್ದರೆ, ಅಥವಾ ಕೊಯ್ಲಿನ ಎರಡು ತಿಂಗಳು ತೋಟದ ಮನೆಯಲ್ಲೇ ಇರಬೇಕಾದರೆ ಯೋಚಿಸುವುದೇ ಬೇಡ, ಆದರೆ ಷರತ್ತು ಒಂದಿದೆ. ಫೋನಿಗೆ ಸುದ್ದಿ ಬಂದಾಗ ಅರ್ಧ ಗಂಟೆಯೊಳಗೆ ಮನೆಗೆ ಹೋಗಿ ಪ್ಲಗ್ ಕೀಳಬಲ್ಲ ಒಬ್ಬರು ಊರಲ್ಲಿರಬೇಕು. ಸುದ್ದಿ ಕೇಳಿ ಬಸ್ಸಿನಲ್ಲಿ ಕೂತು ಕೈ ಹಿಸುಕಿಕೊಳ್ಳುವುದಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ.

ಎರಡನೆಯವರು, ದಿನಾ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಡೋಸಿಂಗ್ (ಅವುಗಳ ದ್ರಾವಣ ಅಳೆದು ಹಾಕುವುದು) ಮಾಡಲೇಬೇಕಾದಷ್ಟು ಹವಳ ಬೆಳೆದಿರುವವರು. 100 ಲೀಟರ್ ಟ್ಯಾಂಕ್‌ನಲ್ಲಿ ಜೋಆಂಥಿಡ್, ಮಶ್ರೂಮ್, ಲೆದರ್ ಥರದ ಮೆದು ಹವಳ ಇಟ್ಟುಕೊಂಡು ವಾರಕ್ಕೆ 10 ಲೀಟರ್ ನೀರು ಬದಲಿಸುವವರಿಗೆ ಬೇಡ.

ಹೀಟರ್‌ಗೇ ಥರ್ಮೋಸ್ಟಾಟ್ ಇರುತ್ತದಲ್ಲ, ಇನ್ನೊಂದು ಏಕೆ?

ಇದೇ ಇಡೀ ಪುಟದ ಮುಖ್ಯ ಪ್ರಶ್ನೆ. ಹೀಟರ್ ಒಳಗಿನ ಥರ್ಮೋಸ್ಟಾಟ್ ದಿನಕ್ಕೆ ಹತ್ತಾರು ಸಲ ಕರೆಂಟ್ ಕೂಡಿಸಿ ಬಿಡಿಸುತ್ತದೆ. ಪ್ರತಿ ಸಲವೂ ಸಣ್ಣ ಕಿಡಿ. ಒಂದು ದಿನ ಆ ಕಿಡಿಗೇ ಲೋಹ ಕರಗಿ ಎರಡು ತುದಿ ಅಂಟಿಕೊಂಡರೆ ಹೀಟರ್ ಆಫ್ ಆಗುವುದೇ ಇಲ್ಲ.

ಆಗ ಏನಾಗುತ್ತದೆ ನೋಡಿ. 300 ವಾಟ್ ಹೀಟರ್ 200 ಲೀಟರ್ ನೀರನ್ನು, ಶಾಖ ಹೊರಗೆ ಹೋಗುವುದನ್ನು ಬಿಟ್ಟರೆ, ಗಂಟೆಗೆ ಸುಮಾರು 1.3 ಡಿಗ್ರಿ ಏರಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಅಂಟಿಕೊಂಡರೆ ಬೆಳಗಿನ ಕಾಫಿ ಹೊತ್ತಿಗೆ 30 ದಾಟಬಹುದು. ಅಷ್ಟಾದರೆ ಹವಳ ಬೆಳ್ಳಗಾಗುತ್ತದೆ.

ಅದರ ಬದಲು 150 ವಾಟ್‌ನ ಎರಡು ಹೀಟರ್ ಹಾಕಿ. ಒಂದು ಅಂಟಿಕೊಂಡರೆ ಏರುವುದು ಗಂಟೆಗೆ 0.65 ಡಿಗ್ರಿ ಮಾತ್ರ. ಚಳಿಗಾಲದ ಕೋಣೆಯಲ್ಲಿ ಅದೂ ಪೂರ್ತಿ ಏರದು, ಗಾಜಿನಿಂದ ಶಾಖ ಹೊರಹೋಗುತ್ತಿರುತ್ತದೆ. ಒಂದು ಸುಟ್ಟುಹೋದರೆ ಇನ್ನೊಂದು ಟ್ಯಾಂಕನ್ನು ಬದುಕಿಸುವಷ್ಟಾದರೂ ಬಿಸಿ ಇಡುತ್ತದೆ. ಚಿಕ್ಕಮಗಳೂರಿನಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಜಾವ 14–15 ಡಿಗ್ರಿಗೆ ಇಳಿಯುವುದು ಮಾಮೂಲು, ಇಲ್ಲಿ ಹೀಟರ್ ಅಲಂಕಾರಕ್ಕಲ್ಲ.

ಹೊರಗಿನ ಥರ್ಮೋಸ್ಟಾಟ್ ಅಥವಾ ಕಂಟ್ರೋಲರ್ 25.5 ಡಿಗ್ರಿಗೆ ಆಫ್ ಮಾಡುವಂತೆ ಇಡಿ. ಹೀಟರ್‌ನ ಸ್ವಂತ ತಿರುಗುಗುಂಡಿಯನ್ನು 26.5ಕ್ಕೆ ಇಡಿ. ದಿನನಿತ್ಯ ಕೆಲಸ ಮಾಡುವುದು ಹೊರಗಿನದು. ಅದರ ರಿಲೇ (ಒಳಗಿನ ಸ್ವಿಚ್) ಅಂಟಿಕೊಂಡ ದಿನ ಹೀಟರ್ ಒಳಗಿನ ಥರ್ಮೋಸ್ಟಾಟ್ ಕಾಪಾಡುತ್ತದೆ. ಎರಡನ್ನೂ 25.5ಕ್ಕೇ ಇಟ್ಟರೆ ಎರಡೂ ಒಟ್ಟಿಗೆ ಸವೆಯುತ್ತವೆ, ಯಾವುದು ಕೆಟ್ಟಿದೆ ಎಂದು ತಿಳಿಯುವುದೂ ಇಲ್ಲ.

ಎಸ್‌ಟಿಸಿ-1000 ಸಾಕೇ? ಹೇಗೆ ಜೋಡಿಸುವುದು?

ಇದು ಹೀಟರ್, ಫ್ಯಾನ್ ಎರಡನ್ನೂ ಆನ್–ಆಫ್ ಮಾಡುವ ಪುಟ್ಟ ಥರ್ಮೋಸ್ಟಾಟ್ ಪೆಟ್ಟಿಗೆ. ಉಷ್ಣತೆ ಒಂದಕ್ಕೇ ಆದರೆ ಸಾಕು. ಕೊಳ್ಳುವಾಗ 220 ವೋಲ್ಟ್‌ನದೇ ನೋಡಿ, 12 ಮತ್ತು 24 ವೋಲ್ಟ್‌ನವೂ ಅದೇ ಮುಖ ಹೊತ್ತು ಸಿಗುತ್ತವೆ. ಹಿಂಭಾಗದಲ್ಲಿ ಎಂಟು ತಿರುಪುಗಳು: 1–2 ಕರೆಂಟ್, 3–4 ಸೆನ್ಸರ್, 5–6 ಹೀಟರ್, 7–8 ಫ್ಯಾನ್ ಅಥವಾ ಚಿಲ್ಲರ್ (ಫ್ರಿಜ್‌ನಂತೆ ನೀರು ತಣ್ಣಗಾಗಿಸುವ ಯಂತ್ರ). ಹೊಸಬರು ಎಡವುವುದು 5–6ರಲ್ಲಿ. ಅಲ್ಲಿಂದ ಕರೆಂಟ್ ತಾನಾಗಿ ಬರುವುದಿಲ್ಲ, ಅದು ಬರೀ ಸ್ವಿಚ್. ಫೇಸ್ ವೈರನ್ನು ನೀವೇ 5ಕ್ಕೆ ತಂದು, 6ರಿಂದ ಹೀಟರ್ ಪ್ಲಗ್‌ಗೆ ಕೊಡಬೇಕು. ನ್ಯೂಟ್ರಲ್ ಮತ್ತು ಅರ್ಥ್ ನೇರವಾಗಿ ಪ್ಲಗ್‌ಗೆ.

ಸೆಟ್ಟಿಂಗ್ ನಾಲ್ಕೇ. ಎಫ್1 ಗುರಿ: 25.5. ಎಫ್2 ವ್ಯತ್ಯಾಸ: 0.5, ಅಂದರೆ 25.0ಕ್ಕೆ ಇಳಿದಾಗ ಹೀಟರ್ ಆನ್, 25.5ಕ್ಕೆ ಆಫ್, 26.0ಕ್ಕೆ ಏರಿದಾಗ ಫ್ಯಾನ್ ಆನ್. ಎಫ್3 ಕಂಪ್ರೆಸರ್ ಕಾಯುವ ನಿಮಿಷ: ಬರೀ ಫ್ಯಾನ್ ಇದ್ದರೆ 1, ಚಿಲ್ಲರ್ ಇದ್ದರೆ 3ಕ್ಕೆ ಕಡಿಮೆ ಬೇಡ. ಎಫ್4 ತಿದ್ದುಪಡಿ: ನಂಬಬಹುದಾದ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹೊಂದಿಸಿ, ಈ ಸೆನ್ಸರ್‌ಗಳು ಒಂದು ಡಿಗ್ರಿ ಆಚೀಚೆ ಇರುವುದುಂಟು.

ಸೆನ್ಸರ್ ತುದಿ ನೀರಿನಿಂದ ಹೊರಗೆ ಜಾರಿದರೆ ಅದು ಕೋಣೆಯ ಚಳಿ ಓದಿ ಹೀಟರನ್ನು ಓಡಿಸುತ್ತಲೇ ಇರುತ್ತದೆ. ರಬ್ಬರ್ ಕಪ್ ನಂಬಬೇಡಿ, ಸಂಪ್ ಗೋಡೆಗೆ ಕ್ಲಿಪ್ ಹಾಕಿ ಕಟ್ಟಿ. ನೀರಿನ ಮಟ್ಟ ಏರಿಳಿಯದ ಅರೆಯಲ್ಲೇ ಇಡಿ.

ಚಿಲ್ಲರ್ ಬೇಕೇ?

ಮಲೆನಾಡಿನ ಕಡೆ, ಅಂದರೆ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನಲ್ಲಿ, ಹೆಚ್ಚಿನವರಿಗೆ ಬೇಡ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಗಾಳಿ ಬೀಸುವ 12 ವೋಲ್ಟ್ ಫ್ಯಾನ್ ಎರಡು–ಮೂರು ಡಿಗ್ರಿ ಇಳಿಸುತ್ತದೆ. ಅರಸೀಕೆರೆ, ಕಡೂರಿನ ಬಯಲು ಸೀಮೆಯಲ್ಲಿ ತಾರಸಿ ಮನೆಯ ಮೇಲಂತಸ್ತಿನಲ್ಲಿ ಟ್ಯಾಂಕ್ ಇದ್ದರೆ ಮಾತು ಬೇರೆ. ಫ್ಯಾನ್ ಹಾಕಿದರೆ ನೀರು ಹೆಚ್ಚು ಆವಿಯಾಗುತ್ತದೆ, ಮುಂದಿನ ಪ್ರಶ್ನೆ ಅದಕ್ಕೇ.

ಆಟೋ ಟಾಪ್ ಆಫ್ ಕೈಕೊಟ್ಟರೆ ಎಷ್ಟು ಹಾನಿ?

ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ 4 ಲೀಟರ್ ಹೋದರೆ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಇದ್ದದ್ದು 35.7. ಮೂರು ದಿನ ತುಂಬಿಸದಿದ್ದರೆ 37.2. ಹವಳಕ್ಕೆ ಇಷ್ಟವಾಗದು, ಆದರೆ ನಿಧಾನವಾಗಿ ಆಗುವುದರಿಂದ ತಡೆದುಕೊಳ್ಳುತ್ತದೆ. ಉಲ್ಟಾ ಆದರೆ ಕಷ್ಟ. ಪಂಪ್ ನಿಲ್ಲದೆ 25 ಲೀಟರ್ ಸಿಹಿನೀರನ್ನು ಒಮ್ಮೆಲೇ ಸುರಿದರೆ 35 ಇದ್ದದ್ದು 31ಕ್ಕೆ ಬೀಳುತ್ತದೆ, ಸಂಪ್ ತುಂಬಿ ನೆಲವೂ ಒದ್ದೆ. ಸಿಹಿನೀರು ಇಟ್ಟ ಬಕೆಟ್ 10 ಲೀಟರ್‌ನದಾಗಿದ್ದರೆ ಬೀಳುವುದು 33.3ರವರೆಗೆ ಮಾತ್ರ. ಪ್ರೋಗ್ರಾಮ್ ಎಷ್ಟೇ ಚೆನ್ನಾಗಿ ಬರೆದರೂ ಕೊನೆಯ ಕಾವಲು ಬಕೆಟ್‌ನ ಅಳತೆಯೇ. ದೊಡ್ಡ ಡ್ರಮ್ ಇಟ್ಟು ಹದಿನೈದು ದಿನ ನಿಶ್ಚಿಂತೆಯಾಗಿರೋಣ ಎನ್ನುವ ಆಸೆಯಿಂದಲೇ ಎಷ್ಟೋ ಟ್ಯಾಂಕ್ ಹೋಗಿವೆ.

ಮಾಡಬೇಕಾದ್ದು: ಕೆಲಸದ ಸೆನ್ಸರ್ ಒಂದು, ಅದಕ್ಕಿಂತ ಎರಡು ಸೆಂಟಿಮೀಟರ್ ಮೇಲೆ ತುರ್ತು ಸೆನ್ಸರ್ ಇನ್ನೊಂದು. ಪಂಪ್ ನಿಮಿಷಕ್ಕೆ 1 ಲೀಟರ್ ಕೊಡುವುದಾದರೆ, ಒಂದು ಸಲಕ್ಕೆ 60 ಸೆಕೆಂಡ್‌ಗಿಂತ ಹೆಚ್ಚು ಓಡಕೂಡದು ಎಂಬ ಮಿತಿ ಹಾಕಿ. ಆ ಮಿತಿ ಮುಟ್ಟಿದರೆ ಪಂಪ್ ನಿಂತು, ನೀವು ಬಂದು ನೋಡುವವರೆಗೆ ಮತ್ತೆ ಆನ್ ಆಗಬಾರದು. ಪೈಪಿನ ತುದಿ ಸಂಪ್ ನೀರಿನ ಮಟ್ಟಕ್ಕಿಂತ ಮೇಲೆ ಗಾಳಿಯಲ್ಲಿರಲಿ. ಮುಳುಗಿದ್ದರೆ ಪಂಪ್ ನಿಂತ ಮೇಲೂ ನೀರು ತಾನಾಗಿ ಎಳೆದುಕೊಂಡು ಹರಿಯುತ್ತದೆ. ತೇಲುವ ಸ್ವಿಚ್‌ಗೆ ಸುತ್ತ ಜಾಲರಿ ಹಾಕಿ, ಇಲ್ಲದಿದ್ದರೆ ಬಸವನಹುಳು ಹತ್ತಿ ಕೂರುತ್ತದೆ. ಇದು ತಮಾಷೆಯಲ್ಲ, ಪಂಪ್ ನಿಲ್ಲದಿರಲು ಮಾಮೂಲು ಕಾರಣಗಳಲ್ಲಿ ಅದೂ ಒಂದು.

ತುಂಬಿಸುವ ನೀರು ಆರ್‌ಒ–ಡಿಐ ನೀರೇ (ಆರ್‌ಒ ಫಿಲ್ಟರ್ ಆದ ಮೇಲೆ ಡಿಐ ರಾಳದಲ್ಲೂ ಹಾದು ಬಂದದ್ದು) ಆಗಬೇಕು, ಟಿಡಿಎಸ್, ಅಂದರೆ ಕರಗಿದ ಲವಣ, ಸೊನ್ನೆ. ಅಡುಗೆಮನೆಯ ಫಿಲ್ಟರ್ ನೀರು ಆಗದು. ರುಚಿಗೆಂದು ಅದರಲ್ಲಿ ಖನಿಜ ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಡಿಐ ರಾಳ ಬೇಗ ಮುಗಿಯುತ್ತದೆ, ಬಣ್ಣ ಬದಲಾಗುವ ರಾಳವನ್ನೇ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ಒಂದು ಗೊಂದಲ ಬರುತ್ತದೆ. ಏಪ್ರಿಲ್‌ನಲ್ಲಿ ದಿನಕ್ಕೆ 4 ಲೀಟರ್ ಕುಡಿಯುತ್ತಿದ್ದ ಟ್ಯಾಂಕ್ ಜುಲೈನಲ್ಲಿ ಒಂದೂವರೆಗೆ ಇಳಿಯುತ್ತದೆ. ಪಂಪ್ ಕೆಟ್ಟಿಲ್ಲ, ಗಾಳಿಯಲ್ಲೇ ತೇವ ತುಂಬಿದೆ ಅಷ್ಟೇ.

ಟಾಪ್ ಆಫ್ ನೀರಿಗೆ ಸುಣ್ಣ ಬೆರೆಸಬಹುದೇ?

ಬೆರೆಸುವವರಿದ್ದಾರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೀಟರ್‌ಗೆ ಒಂದೂವರೆ ಗ್ರಾಂನಷ್ಟು ಕರಗುತ್ತದೆ, ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಎರಡೂ ಸಿಗುತ್ತವೆ. ಆದರೆ ಆ ನೀರಿನ ಪಿಎಚ್ 12 ದಾಟಿರುತ್ತದೆ. ಪಂಪ್ ನಿಲ್ಲದಿದ್ದರೆ ಈಗ ಉಪ್ಪು ಇಳಿಯುವುದರ ಜೊತೆ ಪಿಎಚ್ ಹಾರುತ್ತದೆ, ಮೀನು ಸಾಯುತ್ತವೆ. ಪಿಎಚ್ 8.45 ದಾಟಿದರೆ ಪಂಪ್ ಆಫ್ ಎಂಬ ನಿಯಮ ಬರೆಯಬಲ್ಲ ಕಂಟ್ರೋಲರ್ ಇದ್ದಾಗ ಮಾತ್ರ ಕೈಹಾಕಿ. ಎಲೆಅಡಿಕೆಯ ಡಬ್ಬಿಯ ಸುಣ್ಣ ಬೇಡ, ಅದರಲ್ಲಿ ಬೇರೇನು ಸೇರಿದೆಯೋ ಯಾರಿಗೆ ಗೊತ್ತು.

ಕರೆಂಟ್ ಹೋದಾಗ ಕಂಟ್ರೋಲರ್ ನನಗೆ ಹೇಳುತ್ತದೆಯೇ?

ಕಂಟ್ರೋಲರ್ ಮತ್ತು ವೈಫೈ ರೂಟರ್ ಎರಡೂ ಬ್ಯಾಟರಿ ಮೇಲಿದ್ದರೆ ಹೇಳುತ್ತದೆ. ಕಂಟ್ರೋಲರ್ ಮಾತ್ರ ಇದ್ದರೆ ಅದು ಗೋಡೆಗೆ ಹೇಳಿಕೊಳ್ಳಬೇಕು. ರೂಟರ್‌ಗೆ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿದರೆ ಕೆಲವು ಗಂಟೆ ನಡೆಯುತ್ತದೆ. ಇಂಟರ್ನೆಟ್ ಕಂಬವೇ ಬಿದ್ದಾಗ ಯಾವುದೂ ನಡೆಯದು. ಕಂಟ್ರೋಲರ್ ದನಿಯೇ ನಿಂತರೆ ಎಚ್ಚರಿಸುವ ವ್ಯವಸ್ಥೆ ಆ್ಯಪ್‌ನಲ್ಲಿ ಇದೆಯೇ ಎಂದು ಕೊಳ್ಳುವ ಮುಂಚೆ ನೋಡಿ. ಸುದ್ದಿ ಬರದಿರುವುದೇ ಸುದ್ದಿ ಆಗಬೇಕು.

ಟ್ಯಾಂಕ್‌ನಲ್ಲಿ ಮೊದಲು ಮುಗಿಯುವುದು ಆಮ್ಲಜನಕ, ಶಾಖವಲ್ಲ. ನೀರಿನ ಮೇಲ್ಮೈ ಅಲುಗದಿದ್ದರೆ, ಮೀನು ಹೆಚ್ಚಿದ್ದರೆ, ಕೆಲವೇ ಗಂಟೆಗಳಲ್ಲಿ ಅವು ಮೇಲೆ ಬಂದು ಬಾಯಿ ಬಿಡುತ್ತವೆ. ಕರೆಂಟ್ ಹೋದ ಕೂಡಲೇ ತಾನೇ ಆನ್ ಆಗುವ ಬ್ಯಾಟರಿ ಗಾಳಿ ಪಂಪ್ ಒಂದನ್ನು ಇವತ್ತೇ ತನ್ನಿ. ಈ ಪುಟದಲ್ಲಿ ಹೇಳಿರುವುದರಲ್ಲೆಲ್ಲ ಕೊಟ್ಟ ದುಡ್ಡಿಗೆ ಹೆಚ್ಚು ಜೀವ ಉಳಿಸುವುದು ಅದೇ.

ಮನೆಯ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ?

12 ವೋಲ್ಟ್, 150 ಎಎಚ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವಾಟ್-ಅವರ್. ಬ್ಯಾಟರಿಯನ್ನು ಪೂರ್ತಿ ಬಸಿಯಬಾರದು, ಇನ್ವರ್ಟರ್ ಕೂಡ ತಿನ್ನುತ್ತದೆ, ಹಾಗಾಗಿ 1000 ಎಂದಿಟ್ಟುಕೊಳ್ಳಿ. ಮೇಲಕ್ಕೆ ನೀರೆತ್ತುವ ಪಂಪ್ 25 ವಾಟ್, ಅಲೆಯ ಪಂಪ್ 15, ಕಂಟ್ರೋಲರ್ ಮತ್ತು ರೂಟರ್ 15, ಇನ್ವರ್ಟರ್‌ನ ಸ್ವಂತ ಖರ್ಚು 15–20: ಒಟ್ಟು 75 ವಾಟ್‌ಗೆ 13 ಗಂಟೆ. ಮನೆಯ ಫ್ಯಾನ್, ಟಿವಿ ಅದೇ ಬ್ಯಾಟರಿ ಮೇಲಿದ್ದರೆ ಅರ್ಧವೂ ಬರದು.

ಹೀಟರ್ ಇದಕ್ಕೆ ಸೇರಿಸಬೇಕೇ ಎನ್ನುವುದಕ್ಕೆ ನಿಮ್ಮ ಟ್ಯಾಂಕನ್ನೇ ಕೇಳಿ. ಕಂಟ್ರೋಲರ್ ಗ್ರಾಫ್‌ನಲ್ಲಿ, ಅಥವಾ ಒಂದು ರಾತ್ರಿ ಗಡಿಯಾರ ಹಿಡಿದು, ಹೀಟರ್ ಗಂಟೆಗೆ ಎಷ್ಟು ನಿಮಿಷ ಓಡಿತು ನೋಡಿ. 300 ವಾಟ್ ಗಂಟೆಗೆ 30 ನಿಮಿಷ ಓಡಿದರೆ ಟ್ಯಾಂಕ್ ಕಳೆದುಕೊಳ್ಳುತ್ತಿರುವುದು 150 ವಾಟ್. ಕರೆಂಟ್ ಹೋದರೆ ಮೊದಲ ಗಂಟೆಯಲ್ಲಿ ಸುಮಾರು 0.65 ಡಿಗ್ರಿ ಇಳಿಯುತ್ತದೆ, ಆಮೇಲೆ ನಿಧಾನ. ನಾಲ್ಕು ಗಂಟೆಗೆ 23ರ ಆಸುಪಾಸು, ಅದು ಸಹಿಸಬಹುದಾದ ಮಟ್ಟ. ಅದನ್ನೇ ಬ್ಯಾಟರಿಯಿಂದ ಕಾಯಿಸಿದರೆ 13 ಗಂಟೆ ಬರಬೇಕಾದ ಇನ್ವರ್ಟರ್ ನಾಲ್ಕೂವರೆ ಗಂಟೆಗೆ ಮಲಗುತ್ತದೆ. ಆದ್ದರಿಂದ ಹೀಟರನ್ನು ಇನ್ವರ್ಟರ್‌ಗೆ ಹಾಕಬೇಡಿ. ಟ್ಯಾಂಕ್‌ನ ಮೂರು ಬದಿಗೆ ಕಂಬಳಿ ಸುತ್ತಿ, ಮೇಲ್ಭಾಗ ಗಾಳಿಗೆ ಬಿಡಿ. ಬ್ಯಾಟರಿಯನ್ನು ನೀರಿನ ಚಲನೆಗೆ ಉಳಿಸಿ.

ಇನ್ವರ್ಟರ್ ಸೈನ್ ವೇವ್ ಆಗಿರಲಿ. ಹಳೆಯ ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪ್ ಗುಂಯ್‌ಗುಡುತ್ತದೆ, ಕಾಯುತ್ತದೆ.

ಲೋ ವೋಲ್ಟೇಜ್, ಸಿಡಿಲು: ಇವುಗಳಿಗೆ?

ತೋಟದ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 300 ವಾಟ್ ಹೀಟರ್ ಕೊಡುವುದು 184 ವಾಟ್ ಮಾತ್ರ. ಚಳಿಗಾಲದ ರಾತ್ರಿ ಹೀಟರ್ ದೀಪ ಉರಿಯುತ್ತಿದ್ದರೂ ನೀರು ತಣ್ಣಗಾಗುತ್ತಿದ್ದರೆ ಕಾರಣ ಇದೇ ಇರಬಹುದು, ಹೀಟರ್ ಬದಲಿಸುವ ಮುಂಚೆ ಮೀಟರ್ ಹಿಡಿದು ನೋಡಿ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಇಲ್ಲಿನ ಕಂಟ್ರೋಲರ್‌ಗಳಿಗೆ ದೊಡ್ಡ ಶತ್ರು. ಮುಖ್ಯ ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಷನ್ ಸಾಧನ ಹಾಕಿಸಿ. ಅರ್ಥಿಂಗ್ ಕೆಟ್ಟಿದ್ದರೆ ಅದು ಬರೀ ಡಬ್ಬಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗುತ್ತದೆ, ನೀರು ಹಾಕಿ. ಸಿಡಿಲಿನ ಹೊಡೆತ ಬರೀ ಕರೆಂಟ್ ವೈರಿನಿಂದ ಬರುವುದಿಲ್ಲ, ತಾಮ್ರದ ನೆಟ್‌ವರ್ಕ್ ಕೇಬಲ್‌ನಿಂದಲೂ ಬರುತ್ತದೆ. ಕಂಟ್ರೋಲರನ್ನು ವೈಫೈಗೆ ಜೋಡಿಸಬಹುದಾದರೆ ಕೇಬಲ್ ಬೇಡ.

ಕಂಟ್ರೋಲರ್ ತಲೆ ಕೆಟ್ಟರೆ ಏನಾಗುತ್ತದೆ?

ಒಳ್ಳೆಯ ಕಂಟ್ರೋಲರ್‌ಗಳಲ್ಲಿ ಪ್ರತಿ ಪ್ಲಗ್‌ಗೂ ಒಂದು ಫಾಲ್‌ಬ್ಯಾಕ್ ಸ್ಥಿತಿ ಇರುತ್ತದೆ: ಮಿದುಳು ಮತ್ತು ಪ್ಲಗ್ ಪಟ್ಟಿಯ ನಡುವೆ ಮಾತು ನಿಂತರೆ ಆ ಪ್ಲಗ್ ಏನಾಗಿರಬೇಕು ಎಂಬುದು. ನೀರೆತ್ತುವ ಪಂಪ್ ಆನ್, ಅಲೆಯ ಪಂಪ್ ಆನ್, ಟಾಪ್ ಆಫ್ ಆಫ್, ಡೋಸಿಂಗ್ ಆಫ್. ಹೀಟರ್ ವಿಷಯದಲ್ಲಿ ಜಗಳ ಇದೆ. ನಮ್ಮ ಅಭಿಪ್ರಾಯ: ಒಳಗಿನ ಥರ್ಮೋಸ್ಟಾಟ್ 26.5ಕ್ಕೆ ಇಟ್ಟಿದ್ದರೆ ಆನ್. ಹೀಟರ್‌ಗೆ ಸ್ವಂತ ಥರ್ಮೋಸ್ಟಾಟ್ ಇಲ್ಲದಿದ್ದರೆ ಆಫ್.

ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ. ಕರೆಂಟ್ ಹೋದಾಗ ಮೇಲಿನ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತದೆ. ಕರೆಂಟ್ ಬಂದ ಕ್ಷಣವೇ ಪ್ರೋಟೀನ್ ಸ್ಕಿಮ್ಮರ್ (ಗುಳ್ಳೆಗಳಿಂದ ಕೊಳೆ ಎತ್ತಿ ಕಪ್ಪಿಗೆ ತುಂಬುವ ಸಾಧನ) ಶುರುವಾದರೆ ಕಪ್ಪಿನ ಕೊಳೆಯೆಲ್ಲ ಉಕ್ಕಿ ನೆಲಕ್ಕೆ. ಐದು ನಿಮಿಷ ತಡವಾಗಿ ಆನ್ ಆಗಲಿ.

ಪಿಎಚ್ ಪ್ರೋಬ್ ಬೇಕೇ?

ಪ್ರೋಬ್ ಅಂದರೆ ನೀರಿನಲ್ಲಿ ಮುಳುಗಿಸುವ ಸೆನ್ಸರ್. ಸುಣ್ಣದ ನೀರು ಹಾಕುವವರಿಗೆ, ಕ್ಯಾಲ್ಸಿಯಂ ರಿಯಾಕ್ಟರ್ (ಇಂಗಾಲದ ಡೈಆಕ್ಸೈಡ್‌ನಿಂದ ಹವಳದ ಚೂರು ಕರಗಿಸುವ ಸಾಧನ) ಇರುವವರಿಗೆ ಬೇಕು. ಉಳಿದವರಿಗೆ ಅದು ಹೆಚ್ಚಾಗಿ ಆತಂಕ ಕೊಡುವ ಸಾಧನ. ರೀಫ್ ಟ್ಯಾಂಕ್‌ನಲ್ಲಿ ಪಿಎಚ್ ರಾತ್ರಿ ಇಳಿದು ಹಗಲು ಏರುವುದು ಸಹಜ, 7.8ರಿಂದ 8.4ರ ನಡುವೆ ಓಡಾಡಲಿ ಬಿಡಿ. ಮಳೆಗಾಲದಲ್ಲಿ ಕಿಟಕಿ–ಬಾಗಿಲು ಮುಚ್ಚಿ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಪಿಎಚ್ ಇಳಿಯುತ್ತದೆ. ಒಂದೆರಡು ಗಂಟೆ ಕಿಟಕಿ ತೆರೆದು ನೋಡಿ. ಏರಿದರೆ ಕಾರಣ ಗಾಳಿ, ಪಿಎಚ್ ಏರಿಸುವ ಬಾಟಲಿಯ ಪುಡಿ–ದ್ರಾವಣ ಸುರಿಯಬೇಡಿ.

ಪ್ರೋಬ್ ಬಾಳಿಕೆ ಒಂದರಿಂದ ಎರಡು ವರ್ಷ. ಪಿಎಚ್ 7 ಮತ್ತು 10ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ತಿಂಗಳಿಗೊಮ್ಮೆ ಹೊಂದಿಸಿ. 10ರ ಬಫರ್ ತೆರೆದಿಟ್ಟರೆ ಬೇಗ ಕೆಡುತ್ತದೆ, ಸಣ್ಣ ಪೊಟ್ಟಣಗಳಲ್ಲಿ ಸಿಗುವುದು ಒಳ್ಳೆಯದು. ಪ್ರೋಬ್ ಒಣಗಬಾರದು, ಆರ್‌ಒ ನೀರಿನಲ್ಲೂ ನೆನೆಸಿಡಬಾರದು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಿ. ಅಂಕಿ ಇದ್ದಕ್ಕಿದ್ದಂತೆ ಕುಣಿದರೆ ಹೀಟರ್, ಪಂಪ್‌ಗಳ ಪ್ಲಗ್ ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ನಿಲ್ಲುತ್ತದೋ ಅದರಿಂದ ನೀರಿಗೆ ಕರೆಂಟ್ ಸೋರುತ್ತಿದೆ ಎಂದು ಅನುಮಾನಿಸಿ. ಅದು ನಿಮ್ಮ ಕೈಗೂ ಅಪಾಯ.

ಉಪ್ಪಿನಂಶದ ಪ್ರೋಬ್?

ಬೇಡ. ಗುಳ್ಳೆ ಕೂತರೂ, ಪಾಚಿ ಕಟ್ಟಿದರೂ ತಪ್ಪು ಓದುತ್ತದೆ. 35 ಪಿಪಿಟಿ ದ್ರವದಿಂದ ಹೊಂದಿಸಿದ ರಿಫ್ರ್ಯಾಕ್ಟೋಮೀಟರ್ (ಒಂದು ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ) ಸಾಕು.

ಡೋಸಿಂಗ್ ಪಂಪ್ ಹಾಕಿದರೆ ಕಂಟ್ರೋಲರ್ ಬೇಕೇ?

ಟೈಮರ್ ಇರುವ ಡೋಸಿಂಗ್ ಪಂಪ್ ತನ್ನಷ್ಟಕ್ಕೇ ನಡೆಯುತ್ತದೆ. ಲೆಕ್ಕ ಮಾತ್ರ ನಿಮ್ಮದು. ಎರಡು ದಿನ ಏನೂ ಹಾಕದೆ ಆಲ್ಕಲಿನಿಟಿ ಅಳೆದು, ದಿನಕ್ಕೆ ಎಷ್ಟು ಇಳಿಯಿತು ನೋಡಿ. ದಿನಕ್ಕೆ 1 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇಳಿದರೆ 200 ಲೀಟರ್‌ಗೆ ಬೇಕಾದ್ದು ಸೋಡಿಯಂ ಬೈಕಾರ್ಬನೇಟ್ 6 ಗ್ರಾಂ, ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 5.2 ಗ್ರಾಂ. ಲೀಟರ್ ಆರ್‌ಒ ನೀರಿಗೆ 80 ಗ್ರಾಂ ಬೈಕಾರ್ಬನೇಟ್ ಕರಗಿಸಿದರೆ ದಿನಕ್ಕೆ 75 ಮಿಲಿ. ಅಡುಗೆ ಸೋಡಾ ಅಂದರೆ ಇದೇ ವಸ್ತು, ಆದರೆ ಬೇಕಿಂಗ್ ಪೌಡರ್ ಬೇರೆ, ಅದರಲ್ಲಿ ಆಮ್ಲ ಮತ್ತು ಹಿಟ್ಟು ಸೇರಿರುತ್ತದೆ. ಪ್ಯಾಕೆಟ್ ಓದಿ ಕೊಳ್ಳಿ.

ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹಾಕಿದರೆ ನೀರು ಹಾಲಿನಂತಾಗಿ ಎರಡೂ ವ್ಯರ್ಥ. ದಿನಕ್ಕೆ ಆರೇಳು ಕಂತು, ಎರಡರ ನಡುವೆ ಕನಿಷ್ಠ ಅರ್ಧ ಗಂಟೆ. ಇಲ್ಲೂ ಬಕೆಟ್ ನ್ಯಾಯವೇ: 2 ಲೀಟರ್ ಬಾಟಲಿ ಪೂರ್ತಿ ಸುರಿದರೆ 160 ಗ್ರಾಂ, ಅಂದರೆ ಸುಮಾರು 27 ಡಿಕೆಎಚ್ ಒಮ್ಮೆಲೇ. ಟ್ಯಾಂಕ್ ಮುಗಿಯಿತು. ಬಾಟಲಿಗೆ ಒಂದು ವಾರದ್ದನ್ನಷ್ಟೇ ತುಂಬಿಸಿ, ಸುಮಾರು ಅರ್ಧ ಲೀಟರ್. ಪಂಪಿನ ರಬ್ಬರ್ ನಳಿಕೆ ಸವೆದಂತೆ ಅಳತೆ ತಪ್ಪುತ್ತದೆ, ತಿಂಗಳಿಗೊಮ್ಮೆ 100 ಮಿಲಿ ಹಾಕಿಸಿ ಅಳೆಯುವ ಗಾಜಿನಲ್ಲಿ ನೋಡಿ.

ಹೊರದೇಶದ ಬ್ರಾಂಡ್ ತರಿಸಿದರೆ ಗಮನಿಸಬೇಕಾದ್ದೇನು?

ಪ್ಲಗ್ ಪಟ್ಟಿ. ಅಮೆರಿಕದಿಂದ ಯಾರಾದರೂ ಬರುವಾಗ ನೆಪ್ಚೂನ್ ಅಪೆಕ್ಸ್ ತರಿಸುವುದು ಸುಲಭ ಅನಿಸುತ್ತದೆ. ಅಲ್ಲಿನ ಪ್ಲಗ್ ಪಟ್ಟಿ 120 ವೋಲ್ಟ್‌ನದು, ನಮ್ಮ 230ಕ್ಕೆ ಹಾಕಿದರೆ ಸುಡುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. 230 ವೋಲ್ಟ್‌ನ ಯುರೋಪ್ ಅಥವಾ ಬ್ರಿಟನ್ ಮಾದರಿಯನ್ನೇ ಕೇಳಿ. ಮಿದುಳು, ಪ್ಲಗ್ ಪಟ್ಟಿ, ಪ್ರೋಬ್‌ಗಳು, ಸುಂಕ, ಸಾಗಣೆ ಎಲ್ಲ ಸೇರಿದರೆ ಲಕ್ಷ ದಾಟುವುದು ಸಾಮಾನ್ಯ. ಕೆಟ್ಟರೆ ರಿಪೇರಿಗೆ ಕಳಿಸುವ ಖರ್ಚು, ತಿಂಗಳುಗಟ್ಟಲೆ ಕಾಯುವಿಕೆ ಬೇರೆ. ಹಾಗಾಗಿ ಕಂಟ್ರೋಲರ್ ಇಲ್ಲದೆಯೂ ಟ್ಯಾಂಕ್ ಒಂದು ತಿಂಗಳು ನಡೆಯುವಂತೆ ಇರಬೇಕು: ಆ ಹಳೆಯ ಎಸ್‌ಟಿಸಿ-1000 ಪೆಟ್ಟಿಗೆಯನ್ನು ಮಾರಬೇಡಿ.

ರೀಫ್-ಪೈ ಅಥವಾ ವೈಫೈ ಪ್ಲಗ್‌ನಿಂದ ನಾನೇ ಮಾಡಿಕೊಳ್ಳಬಹುದೇ?

ರಾಸ್ಪ್‌ಬೆರಿ ಪೈ ಮೇಲೆ ನಡೆಯುವ ರೀಫ್-ಪೈ ಉಚಿತ ತಂತ್ರಾಂಶ, ಮನೆಯ ನೆಟ್‌ವರ್ಕ್‌ನಲ್ಲೇ ಕೆಲಸ ಮಾಡುತ್ತದೆ, ಇಂಟರ್ನೆಟ್ ಹೋದರೂ ನಿಯಮಗಳು ನಡೆಯುತ್ತವೆ. ಇಲೆಕ್ಟ್ರಾನಿಕ್ಸ್ ಬಲ್ಲವರಿಗೆ ಒಳ್ಳೆಯ ದಾರಿ. ಪದೇ ಪದೇ ಕರೆಂಟ್ ಹೋದರೆ ಅದರ ಮೆಮೊರಿ ಕಾರ್ಡ್ ಕೆಡುತ್ತದೆ, ಯುಪಿಎಸ್ ಕಡ್ಡಾಯ, ನಕಲು ಕಾರ್ಡ್ ಒಂದು ಪಕ್ಕದಲ್ಲಿರಲಿ. ರಿಲೇ ಬೋರ್ಡನ್ನು ಸಂಪ್ ಇರುವ ಕಪಾಟಿನೊಳಗೆ ಇಡಬೇಡಿ. ಉಪ್ಪಿನ ತೇವಕ್ಕೆ ತಿರುಪುಗಳು ಹಸಿರುಗಟ್ಟುತ್ತವೆ, ಮಲೆನಾಡಿನ ಜುಲೈ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ವೈಫೈ ಪ್ಲಗ್ ಲೈಟಿಗೆ ಸರಿ. ಹೀಟರ್, ಟಾಪ್ ಆಫ್‌ಗೆ ಬೇಡ, ಸರ್ವರ್ ಎಲ್ಲೋ ದೂರದಲ್ಲಿ ನಿಂತರೆ ಅದು ಕೊನೆಯ ಸ್ಥಿತಿಯಲ್ಲೇ ಉಳಿಯುತ್ತದೆ.

ಏನೇ ಕಟ್ಟಿದರೂ ಪ್ರತಿ ವೈರೂ ಪ್ಲಗ್‌ಗೆ ಸೇರುವ ಮುಂಚೆ ಕೆಳಕ್ಕೆ ಜೋತು ಮತ್ತೆ ಮೇಲೇರಲಿ. ವೈರ್ ಹಿಡಿದು ಇಳಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ.

ಹವಳ ಸಾಕುವುದು ಕಾನೂನುಬದ್ಧವೇ?

ಗಟ್ಟಿ ಹವಳ, ಬೆಂಕಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರ ರಕ್ಷಣೆಯಲ್ಲಿವೆ. ಕಡಲಿನಿಂದ ಕಿತ್ತು ತರುವುದು, ಮಾರುವುದು ಅಪರಾಧ. ಮಂಗಳೂರಿಗೆ ಹೋದಾಗ ಕಲ್ಲು ಅಂದುಕೊಂಡು ಹವಳದ ತುಂಡು ತರಬೇಡಿ. ಸೋಡಾ–ಕ್ಯಾಲ್ಸಿಯಂ ಲೆಕ್ಕ ಹಾಕುವ ಮೊದಲು ನಿಮ್ಮಲ್ಲಿರುವುದಕ್ಕೆ ಕಾಗದ ಇದೆಯೇ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಕೊಳ್ಳಬಹುದೇ?

ಕೊಳ್ಳಬಹುದು, ಕೈಯಲ್ಲಿ ಹೀಟರ್ ಹಿಡಿದುಕೊಂಡು ಹೋಗಿ. ಬಕೆಟ್ ನೀರಿನಲ್ಲಿ ಮುಳುಗಿಸಿ ಪ್ರತಿ ಪ್ಲಗ್‌ಗೂ ಹಾಕಿ, ಹತ್ತು ಸಲ ಆನ್–ಆಫ್ ಮಾಡಿಸಿ. ಆಫ್ ಎಂದಾಗಲೂ ಹೀಟರ್ ದೀಪ ಉರಿಯುವ ಪ್ಲಗ್ ಒಂದೇ ಇದ್ದರೂ ಪಟ್ಟಿಯನ್ನು ಬಿಟ್ಟುಬಿಡಿ. ಪ್ಲಗ್ ತೂತಿನೊಳಗೆ ಟಾರ್ಚ್ ಬಿಟ್ಟು ಹಸಿರು ಕಿಲುಬು ಇದೆಯೇ ನೋಡಿ. ಹಳೆಯ ಪಿಎಚ್ ಪ್ರೋಬ್‌ಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ದುಡ್ಡು ಕೊಡುವ ಮುಂಚೆ ಮಾರುವವರ ಫೋನಿನಿಂದಲೇ ಆ ಯಂತ್ರವನ್ನು ಅವರ ಖಾತೆಯಿಂದ ತೆಗೆಸಿ, ನಿಮ್ಮ ಖಾತೆಗೆ ಸೇರಿಸಿ ನೋಡಿ. ಇಲ್ಲವಾದರೆ ನಿಮ್ಮ ಟ್ಯಾಂಕ್‌ನ ಪ್ಲಗ್‌ಗಳ ಸ್ವಿಚ್ ಅವರ ಕಿಸೆಯಲ್ಲೇ ಇರುತ್ತದೆ.